ಅಪ್ಪನ ಅಳತೆಯ ಆಟ

ಮನೆ, ಅಡುಗೆಮನೆಯ ಮೇಜು
ಬುಧವಾರ ಕಳೆದು ಗುರುವಾರ, ಬೆಳಗಿನ ಜಾವ ಮೂರು ಇಪ್ಪತ್ತು

ಪ್ರೀತಿಯ ಚೂಟಿ,

ಎರಡೂ ಮುಕ್ಕಾಲಿಗೆ ಎಚ್ಚರವಾಯಿತು. ಎಬ್ಬಿಸಿದ್ದು ಕೂಸಲ್ಲ, ಆಶ್ಚರ್ಯ! ಮೌಸಿನ ಸದ್ದು. ಟಿಕ್, ಟಿಕ್, ಟಿಕ್‌ಟಿಕ್, ಆಮೇಲೆ ಯಾರೋ ಬಾವಿಯೊಳಗಿಂದ ನರಳಿದ ಹಾಗೆ ಒಂದು ‘ಹಾ...’, ಆಮೇಲೆ ನಿಶ್ಶಬ್ದ. ಮತ್ತೆ ಟಿಕ್, ಟಿಕ್. ಅದೇನೆಂದು ಹೇಳುವ ಮೊದಲು ನೀನು ಹೇಗಿದ್ದೀಯ ಹೇಳು. ನೀರು ಶುದ್ಧಿ ಮಾಡುವ ಘಟಕದ ರಾತ್ರಿ ಪಾಳಿಯಲ್ಲಿ ಎರಡು ಗಂಟೆಗೊಮ್ಮೆ ನೀರಿನ ಸ್ಯಾಂಪಲ್ ತೆಗೆಯಲು ತೊಟ್ಟಿಯ ಕಬ್ಬಿಣದ ಮೆಟ್ಟಿಲು ಹತ್ತಬೇಕು ಅಂದಿದ್ದೆಯಲ್ಲ, ಮಂಡಿ ನೋವು ಕಮ್ಮಿಯಾಯಿತಾ? ಕ್ಲೋರಿನ್ನಿಗೆ ಬೆರಳೆಲ್ಲ ಒಡೆದಿತ್ತು, ಮುಲಾಮು ಹಚ್ಚುತ್ತಿದ್ದೀಯಾ, ಇಲ್ಲ ಅದು ಡಬ್ಬಿಯಲ್ಲೇ ನಿವೃತ್ತಿಯಾಗಿದೆಯಾ? ಡ್ಯೂಟಿಯಲ್ಲಿ ಫೋನು ಲಾಕರಿನಲ್ಲಿಡಬೇಕು, ಮೇಲ್ ಮಾತ್ರ ಅಲ್ಲಿನ ಕಂಪ್ಯೂಟರಿನಲ್ಲಿ ನೋಡಬಹುದು ಎಂದು ನೀನೇ ಹೇಳಿದ್ದರಿಂದ ಹೀಗೆ ಬರೆಯುತ್ತಿದ್ದೇನೆ. ಕೂಸು ಎಡ ಹೆಗಲ ಮೇಲೆ ಜೋತುಬಿದ್ದಿದೆ, ಬಲಗೈ ಹೆಬ್ಬೆರಳೊಂದೇ ಕೆಲಸ ಮಾಡುತ್ತಿದೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ಅಕ್ಷರದ ತಪ್ಪನ್ನು ಹಾಕಿಕೊಂಡ ಮೇಲೆ ಹೊಟ್ಟೆಯಲ್ಲಿ ಇನ್ನಷ್ಟು ಜಾಗ ಉಳಿಸಿಕೊಂಡಿರು, ಬೇಕಾಗುತ್ತದೆ.

ಕೂಸಿಗೆ ಏಳು ತಿಂಗಳು ತುಂಬಿತು. ಕೆಳಗೆ ಎರಡು ಹಲ್ಲು ಬಂದಿವೆ, ಆ ಎರಡರಲ್ಲೇ ಇಡೀ ಮನೆಯನ್ನು ಆಳುತ್ತಾನೆ. ರಾತ್ರಿ ನಲವತ್ತು ನಿಮಿಷಕ್ಕೊಮ್ಮೆ ಹಾಜರಿ ಹಾಕಲೇಬೇಕು. ನಿನ್ನ ಭಾವ ಕೆಲಸದ ಮೇಲೆ ಹೋಗಿದ್ದಾರೆ, ಬರುವುದು ಶನಿವಾರ. ಇವನು ಹುಟ್ಟಿದ ಮೇಲೆ ಎರಡು ಗಂಟೆ ಒಂದೇ ಸಮನೆ ಮಲಗಿದ ನೆನಪೇ ನನಗಿಲ್ಲ. ಇದನ್ನು ನೆಪ ಎಂದು ಹೇಳುತ್ತಿಲ್ಲ. ಆದರೆ ನಿದ್ದೆಗೆಟ್ಟವಳ ಕಿವಿಗೆ ಪ್ರತಿಯೊಂದು ಸದ್ದೂ ಶತ್ರು ಎನ್ನುವುದನ್ನು ನೀನು ತಿಳಿದುಕೊಳ್ಳಬೇಕು. ಅಪ್ಪನ ಹಳೆಯ ಕಂಪ್ಯೂಟರಿನ ಫ್ಯಾನಿನ ಗೊರಗೊರ ನಿನಗೆ ನೆನಪಿದೆಯಲ್ಲ? ಕೂಸು ಕಣ್ಣು ಮುಚ್ಚುವುದಕ್ಕೂ ಮುಂಬಾಗಿಲ ಕೋಣೆಯಲ್ಲಿ ಅದು ಗಂಟಲು ಸರಿಮಾಡಿಕೊಳ್ಳುವುದಕ್ಕೂ ಸರಿಹೋಗುತ್ತಿತ್ತು. ಅಪ್ಪ ಪಾಪ, ಕ್ಯಾಬಿನೆಟ್ಟಿನ ಸುತ್ತ ದಿಂಬು ಇಟ್ಟು ನೋಡಿದರು. ಅದು ಬಿಸಿಯಾಗಿ ಇನ್ನೂ ಜೋರಾಗಿ ಕೂಗಿಕೊಂಡಿತು.

ಮೂರು ವರ್ಷದ ಹಿಂದೆ ಅಪ್ಪನ ಬಲಗೈ ನಡುಗಲು ಶುರುವಾಗಿ ಅಂಗಡಿ ಮುಚ್ಚಿದಾಗ ಆ ಕಂಪ್ಯೂಟರಿನಲ್ಲಿ ಆಟ ಹಾಕಿಕೊಟ್ಟವಳು ನೀನು. ನಾನು ಏನಂದೆ ಎನ್ನುವುದೂ ನಿನಗೆ ನೆನಪಿರುತ್ತದೆ. “ನಲವತ್ತು ವರ್ಷ ಸೂಟು ಹೊಲಿದ ಟೈಲರನ್ನ ಕೂರಿಸಿಕೊಂಡು ರಾಕ್ಷಸರ ಆಟ ಆಡಿಸ್ತೀಯಲ್ಲೇ, ನಿನಗೇನು ತಲೆ ಕೆಟ್ಟಿದೆಯಾ?” ನೀನು ಅಪ್ಪನ ಹತ್ತಿರ ಅವರ ಅಳತೆ ಪುಸ್ತಕ ಇಸಿದುಕೊಂಡೆ. ಏನು ಬರೆದುಕೊಂಡೆ ಎಂದು ನಾನು ಕೇಳಲೂ ಇಲ್ಲ. ನಿನ್ನೆ ಮಧ್ಯಾಹ್ನ ಕೂಸಿನ ಲಂಗೋಟಿಗೆ ಪಿನ್ನು ಹುಡುಕುತ್ತಾ ಅಪ್ಪನ ಡ್ರಾಯರ್ ಎಳೆದರೆ ದೊಡ್ಡ ಕತ್ತರಿಯ ಕೆಳಗೆ ಆ ಪುಸ್ತಕ. ಎದೆ, ಸೊಂಟ, ತೋಳು ಎಂದು ಗೆರೆ ಹಾಕಿದ ಹಾಳೆಯಲ್ಲೇ ನಿನ್ನ ಕೋಳಿಕಾಲಿನ ಅಕ್ಷರ. ‘ಮೆಷಿನ್ನು: ಮೆಮೊರಿ ನಾಲ್ಕು ಜಿಬಿ, ಗ್ರಾಫಿಕ್ಸ್ ಕಾರ್ಡ್ ಇಲ್ಲ, ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಮನುಷ್ಯ: ಓದಲು ಇಷ್ಟ, ಅಕ್ಷರ ದಪ್ಪ ಇರಬೇಕು. ಬಲಗೈ ನಡುಕ, ಅವಸರದ ಆಟ ಬೇಡವೇ ಬೇಡ. ತಾಳ್ಮೆ: ಕೈಯಲ್ಲಿ ಗುಂಡಿಯ ಕಾಜ ಹೊಲಿಯುವಷ್ಟು. ಸೋತರೆ ಬೇಜಾರಿಲ್ಲ, ಯಾಕೆ ಸೋತೆ ಅಂತ ಮಾತ್ರ ಗೊತ್ತಾಗಬೇಕು. ದಾರಿಯಲ್ಲಿ ಸಿಕ್ಕವರೊಂದಿಗೆಲ್ಲ ಮಾತಾಡಬೇಕು, ಇಲ್ಲದಿದ್ದರೆ ಊಟ ಸೇರಲ್ಲ.’ ನಿಂತಲ್ಲೇ ಮೂರು ಸಲ ಓದಿದೆ ಕಣೇ. ಪಿನ್ನು ಎಲ್ಲಿದೆಯೋ ಗೊತ್ತಿಲ್ಲ, ಇನ್ನೂ ಹುಡುಕುತ್ತಿದ್ದೇನೆ.

ನಾನು ಮಾಡಿದ್ದನ್ನು ಹೇಳುತ್ತೇನೆ. ಅಪ್ಪನಿಗೆ ಎಪ್ಪತ್ತು ತುಂಬಿದ ದಿನ ಹೊಸ ಲ್ಯಾಪ್‌ಟಾಪ್ ತಂದೆ, ಅದು ನಿನಗೆ ಗೊತ್ತಿಲ್ಲ. ಸದ್ದಿಲ್ಲದ್ದು, ಹದಿನಾರು ಜಿಬಿ ಮೆಮೊರಿಯದ್ದು, ಒಳ್ಳೆಯ ಗ್ರಾಫಿಕ್ಸ್ ಕಾರ್ಡಿನದ್ದು. ಅದಕ್ಕೆ ತಕ್ಕ ಆಟ ಆರಿಸಲು ನಾಲ್ಕು ರಾತ್ರಿ ಕೂತೆ. ಅಂಕಿಅಂಶ ಓದಿದವಳಲ್ಲವಾ, ಹಾಲು ಕುಡಿಸುತ್ತಲೇ ಕೋಷ್ಟಕ ಮಾಡಿದೆ. ಒಂದು ಕಡೆ ಆಟದ ಹೆಸರು, ಒಂದು ಕಡೆ ವಿಮರ್ಶಕರು ಕೊಟ್ಟ ಅಂಕ, ಒಂದು ಕಡೆ ಚಿತ್ರದ ಅಂದ, ಒಂದು ಕಡೆ ಮೆಷಿನ್ನು ತಡೆಯುತ್ತದೋ ಇಲ್ಲವೋ. ಎಲ್ಲದರಲ್ಲೂ ಮೊದಲು ಬಂದದ್ದನ್ನೇ ಹಾಕಿಸಿದೆ. ಹುಲ್ಲಿನ ಎಸಳು ಎಸಳೂ ಗಾಳಿಗೆ ಅಲುಗಾಡುತ್ತದೆ, ಕುದುರೆ ಉಸಿರಾಡಿದರೆ ಹಬೆ ಬರುತ್ತದೆ. ಆದರೆ ಅದು ಕಣ್ಣು ಮಿಟುಕಿಸುವುದರೊಳಗೆ ಹೊಡೆದು, ಹಾರಿ, ತಪ್ಪಿಸಿಕೊಳ್ಳಬೇಕಾದ ಆಟ. ನೀನು ಹಾಕಿಕೊಟ್ಟದ್ದು ಸರದಿಯ ಆಟವಾಗಿತ್ತಲ್ಲ, ಅಪ್ಪ ಒಂದು ನಡೆ ನಡೆಸಿ, ಟೀ ಕುಡಿದು, ಕನ್ನಡಕ ಒರೆಸಿಕೊಂಡು ಬರುವವರೆಗೂ ರಾಕ್ಷಸ ಮರ್ಯಾದೆಯಿಂದ ಕಾಯುತ್ತಿದ್ದ. ಇಲ್ಲಿ ಯಾರೂ ಕಾಯುವುದಿಲ್ಲ. ನನ್ನ ಕೋಷ್ಟಕದಲ್ಲಿ ಎಲ್ಲದಕ್ಕೂ ಜಾಗವಿತ್ತು, ಅಪ್ಪನ ಕೈಗೆ ಮಾತ್ರ ಇರಲಿಲ್ಲ. ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕುವವನು ಟೈಲರಲ್ಲ, ಇಲಿ ಎಂದು ಅಪ್ಪ ಅಂಗಡಿಯಲ್ಲಿ ಎಷ್ಟು ಸಲ ಹೇಳಿಲ್ಲ! ಆ ಟೈಲರಿನ ಹಿರಿಮಗಳು ಇಲಿಯೇ ಆದಳು.

ಇಷ್ಟೇ ಆಗಿದ್ದರೆ ಹಳೆಯ ಕಂಪ್ಯೂಟರನ್ನು ಮತ್ತೆ ಹಚ್ಚಿಕೊಡಬಹುದಿತ್ತು. ಅದನ್ನು ಎಕ್ಸ್‌ಚೇಂಜಿಗೆ ಕೊಟ್ಟುಬಿಟ್ಟೆ, ಚೂಟಿ. ಅಂಗಡಿಯವನು ಎರಡೆರಡು ಸಲ ಕೇಳಿದ. “ಒಳಗೆ ಬೇಕಾದ್ದೇನಾದ್ರೂ ಇದೆಯಾ ಮೇಡಂ? ಇದ್ರೆ ಈಗಲೇ ಹೇಳಿ, ತೆಗೆದುಕೊಡ್ತೀನಿ.” ನಾನು ಅಂದೆ, “ಏನಿಲ್ಲಪ್ಪ, ಆಟ ಅಷ್ಟೇ.” ಮೂರು ವರ್ಷ ಅಪ್ಪ ದಿನಾ ಸಂಜೆ ಹೋಗಿ ಬರುತ್ತಿದ್ದ ಜಾಗಕ್ಕೆ ‘ಆಟ ಅಷ್ಟೇ’ ಎಂದೆ.

ಈಗ ಆ ಟಿಕ್‌ಟಿಕ್ ವಿಷಯಕ್ಕೆ ಬರುತ್ತೇನೆ. ಹಗಲು ಹೊತ್ತಿನಲ್ಲಿ ಅಪ್ಪ ಲ್ಯಾಪ್‌ಟಾಪ್ ಮುಟ್ಟಿ ಹತ್ತು ದಿನವಾಗಿತ್ತು. ಕೇಳಿದರೆ, “ತುಂಬಾ ಚೆನ್ನಾಗಿದೆಯಮ್ಮ, ಹುಲ್ಲಂತೂ ನಿಜವಾದ್ದೇ” ಅನ್ನುತ್ತಿದ್ದರು. ಇವತ್ತು ಸದ್ದು ಹಿಡಿದು ಮುಂಬಾಗಿಲ ಕೋಣೆಗೆ ಹೋದರೆ, ಬೆಳಕು ಹೊರಗೆ ಬಾರದಿರಲಿ ಎಂದು ತಲೆಮೇಲಿಂದ ಹೊದಿಕೆ ಹೊದ್ದು, ಒಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು. ದೊಡ್ಡ ಗುಡಾರದ ಹಾಗೆ ಕಾಣುತ್ತಿತ್ತು. ಕಿವಿಗೆ ಹೆಡ್‌ಫೋನ್ ಹಾಕಿದ್ದರು, ಅದರ ವಯರನ್ನು ಲ್ಯಾಪ್‌ಟಾಪಿಗೆ ಚುಚ್ಚುವುದನ್ನು ಮಾತ್ರ ಮರೆತಿದ್ದರು. ‘ಹಾ...’ ಎಂದು ನರಳುತ್ತಿದ್ದವನು ಅವರ ವೀರ. ಮೊದಲ ಸೇತುವೆಯ ಕಾವಲುಗಾರನ ಈಟಿಗೆ ಸಿಕ್ಕಿ ಸಾಯುತ್ತಿದ್ದ. ಅಪ್ಪ ಎಡಗೈಯಿಂದ ಬಲಗೈ ಮಣಿಕಟ್ಟು ಒತ್ತಿ ಹಿಡಿದು ಮತ್ತೆ ಟಿಕ್ ಅನ್ನಿಸುತ್ತಿದ್ದರು. ಎಷ್ಟು ಸಲ ಸತ್ತೆ ಎಂದು ಆ ಆಟ ಮೂಲೆಯಲ್ಲಿ ತೋರಿಸುತ್ತದೆ, ಮುನ್ನೂರ ಹನ್ನೊಂದು. ಇನ್ನೂ ಮೊದಲ ಸೇತುವೆ ಕಣೇ. ನನಗೆ ಬೇಜಾರಾಗಬಾರದೆಂದು ನಾನು ಮಲಗಿದ ಮೇಲೆ ಅಭ್ಯಾಸ ಮಾಡುತ್ತಿದ್ದರಂತೆ.

ಪಕ್ಕದಲ್ಲಿ ಕೂತೆ. ಸಿಕ್ಕಿಬಿದ್ದ ಮಗುವಿನ ಹಾಗೆ ಮುಖ ಮಾಡಿದರು. “ಎಬ್ಬಿಸಿಬಿಟ್ನಾ? ಕೂಸು ಎದ್ದಿತಾ?” ಎಂದೇ ಮೊದಲು ಕೇಳಿದ್ದು. ಹಳೆಯ ಆಟದಲ್ಲಿ ಏನಿತ್ತಪ್ಪ ಎಂದು ನಾನು ಮೊದಲ ಬಾರಿ ಕೇಳಿದೆ, ಮೂರು ವರ್ಷಕ್ಕೆ ಮೊದಲ ಬಾರಿ. ಅಲ್ಲಿ ಅಪ್ಪನ ಜೊತೆ ಒಂದು ಗುಂಪೇ ನಡೆಯುತ್ತಿತ್ತಂತಲ್ಲ, ನಿನಗೆ ಎಲ್ಲ ಗೊತ್ತಿರುತ್ತದೆ. ಗಾಯಕ್ಕೆ ಮದ್ದು ಹಾಕುವವಳಿಗೆ ‘ಚಿಕ್ಕವಳು’ ಎಂದು ಹೆಸರಿಟ್ಟಿದ್ದರಂತೆ. ಏಳು ತಿಂಗಳ ಹಿಂದೆ ಒಬ್ಬ ಕುಳ್ಳನನ್ನು ಸೇರಿಸಿಕೊಂಡು ‘ಮರಿ’ ಎಂದು ಕರೆದರಂತೆ, ಎಲ್ಲರಿಗಿಂತ ಜೋರು ಕೂಗುತ್ತಾನೆಂದು. ಗುರಾಣಿ ಹಿಡಿದು ಎಲ್ಲರ ಮುಂದೆ ನಿಲ್ಲುವವಳು ‘ದೊಡ್ಡವಳು’. “ನೀನೇ ಕಣಮ್ಮ. ಎಲ್ಲರ ಏಟನ್ನೂ ನೀನೇ ತಿಂತಿದ್ದೆ. ಅದಕ್ಕೇ ಸಿಕ್ಕಿದ ಒಳ್ಳೆ ಕವಚ ಎಲ್ಲ ನಿನಗೇ ತೊಡಿಸ್ತಿದ್ದೆ. ಇಲ್ಲಿ ನಾನೊಬ್ಬನೇ ನೋಡು, ಮಾತಾಡೋಣ ಅಂದ್ರೆ ಕುದುರೆ ಒಂದು.” ಕೂಸು ಅಳುತ್ತಿದೆ ಎಂದು ಸುಳ್ಳು ಹೇಳಿ ಎದ್ದು ಬಂದೆ. ಅದು ಅಳುತ್ತಿರಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಿನ್ನೆ ಅಳತೆ ಪುಸ್ತಕ ಓದಿದವಳೇ ಕೂಸನ್ನು ಎತ್ತಿಕೊಂಡು ಅಂಗಡಿಗೆ ಓಡಿದ್ದೆ. ಕಂಪ್ಯೂಟರ್ ಯಾರಿಗೋ ಹೋಗಿದೆ, ಅಪ್ಪನ ಆಟ ಉಳಿದಿರುವ ಡಿಸ್ಕನ್ನು ಮಾತ್ರ ಅಂಗಡಿಯವನು ಬಿಚ್ಚಿಟ್ಟಿದ್ದಾನೆ. ಹಿಂಬದಿಯಿಂದ ಒಂದು ರಟ್ಟಿನ ಪೆಟ್ಟಿಗೆ ತಂದು ಮುಂದಿಟ್ಟ. ಒಂದೇ ಬಣ್ಣದ, ಒಂದೇ ಗಾತ್ರದ ಇಪ್ಪತ್ತು ಡಿಸ್ಕುಗಳು. “ನಿಮ್ದು ಯಾವ್ದು ಹೇಳಿ, ತಗೊಂಡು ಹೋಗಿ.” ಎಲ್ಲವನ್ನೂ ಕೊಡಪ್ಪ, ಹಾಕಿ ನೋಡಿ ವಾಪಸ್ ತರುತ್ತೇನೆ ಎಂದು ಅಂಗಲಾಚಿದೆ. “ಬೇರೆಯವರ ಫೋಟೋ, ಕಾಗದಪತ್ರ ಎಲ್ಲ ಇರುತ್ತೆ ಮೇಡಂ, ನಿಮ್ಮದನ್ನ ಹಾಗೆ ಇನ್ನೊಬ್ಬರಿಗೆ ಕೊಟ್ರೆ ಒಪ್ತೀರಾ?” ಅಂದ. ಅವನು ಹೇಳಿದ್ದು ನ್ಯಾಯವೇ. ಇವತ್ತು ಬೆಳಿಗ್ಗೆ ಎಂಟಕ್ಕೆ ಅಂಗಡಿ ತೆಗೆಯುತ್ತಾನೆ, ಎಂಟೂವರೆಗೆ ಗುಜರಿಯವನ ಗಾಡಿ ಬಂದು ಪೆಟ್ಟಿಗೆ ಎತ್ತಿಕೊಂಡು ಹೋಗಿ ಎಲ್ಲವನ್ನೂ ಪುಡಿ ಮಾಡುತ್ತದೆ. ಎರಡು ವರ್ಷದ ಹಿಂದೆ ಆ ಡಿಸ್ಕ್ ಬದಲಾಯಿಸಿ ಕೂರಿಸಿದವಳು ನೀನು. ಅದರ ಮೇಲೆ ಏನಾದರೂ ಗುರುತು, ನಂಬರು, ಗೀರು? ಅಥವಾ ಅಪ್ಪ ಇಲ್ಲಿಯವರೆಗೆ ಆಡಿದಷ್ಟರ ಕಾಪಿ ನಿನ್ನ ಹತ್ತಿರವೇ ಎಲ್ಲಾದರೂ ಇದೆಯಾ? ನೀನು ಯಾವುದನ್ನೂ ಎರಡು ಕಡೆ ಇಡದೆ ಬಿಡುವವಳಲ್ಲ ಎಂದು ಒಂದೇ ಆಸೆ.

ಬೈಯುವುದಿದ್ದರೆ ಬೈ. ನಡುಗುವ ಕೈಯವರನ್ನು ಈಟಿಯ ಮುಂದೆ ನಿಲ್ಲಿಸಿದವಳಿಗೆ ಅದು ಬೇಕು. ಆದರೆ ತೊಟ್ಟಿಯ ಮೆಟ್ಟಿಲ ಮೇಲೆ ಹುಷಾರಾಗಿ ಕಾಲಿಡು, ಒದ್ದೆ ಇರುತ್ತದೆ. ಹೊಟ್ಟೆಗೆ ಏನಾದರೂ ಹಾಕಿಕೋ. ಕೂಸು ತನ್ನ ಎರಡು ಹಲ್ಲಿನಿಂದ ಚಿಕ್ಕಮ್ಮನಿಗೆ ಒಂದು ಕಚ್ಚುಮುತ್ತು ಕಳಿಸಿದ್ದಾನೆ. ನಿನಗೆ ಎಲ್ಲ ಒಳ್ಳೆಯದಾಗಲಿ.

ಇಂತಿ,
ಗುರಾಣಿ ಹಿಡಿಯಲು ಬಾರದ
ನಿನ್ನ ಅಕ್ಕ

ತಾ.ಕ.: ಕಳಿಸುವ ಗುಂಡಿ ಒತ್ತಲು ಹೋದ ಬೆರಳು ಅಲ್ಲೇ ನಿಂತಿತು. ಮುಖ್ಯವಾದದ್ದನ್ನು ಬರೆದೇ ಇಲ್ಲ. ಹಳೆಯ ಕಂಪ್ಯೂಟರ್ ಕಾಣದೆ ಅಪ್ಪ “ಎಲ್ಲಮ್ಮ?” ಎಂದ ದಿನ ನಾನು ಸುಳ್ಳು ಹೇಳಿದೆ. ಎಲ್ಲ ನೀನು ಹೇಳಿದ್ದು ಎಂದುಬಿಟ್ಟೆ. “ಚೂಟಿನೇ ಆರಿಸಿಕೊಟ್ಟಿದ್ದು ಅಪ್ಪ, ಮೆಷಿನ್ನೂ ಅವಳೇ, ಆಟವೂ ಅವಳೇ. ಹಳೇದು ಸಾಕು ಅಂದಳು.” ಅಪ್ಪನ ಮುಖ ಅರಳಿತು. “ಚಿಕ್ಕವಳು ಆರಿಸಿದ್ದು ಅಂದ್ಮೇಲೆ ಅಳತೆ ಸರಿಯಾಗೇ ಇರುತ್ತೆ. ಸೇತುವೆ ದಾಟೋವರೆಗೂ ಅವಳ ಹತ್ರ ಬಾಯಿ ಬಿಡಬೇಡ” ಅಂದರು. ಅಪ್ಪ ಯಾಕೆ ಫೋನಿನಲ್ಲಿ ಎರಡೇ ಮಾತಾಡಿ ಇಟ್ಟುಬಿಡುತ್ತಾರೆ ಎಂದು ನೀನು ಹೋದ ವಾರ ಕೇಳಿದೆಯಲ್ಲ, ನಾನು ವಯಸ್ಸಾಯ್ತಲ್ಲ ಅಂದೆ. ಕಾರಣ ಇದು. ಈಗ ನಾನು ಎದ್ದು ಬರುವಾಗ ಹಿಂದಿನಿಂದ ಹೇಳಿದರು, “ಅಳತೆ ತಪ್ಪಿಲ್ಲಮ್ಮ, ಮೈಯೇ ಕೆಟ್ಟಿದೆ. ಏಳಕ್ಕೆ ಅವಳ ಶಿಫ್ಟ್ ಮುಗಿಯುತ್ತೆ, ಫೋನ್ ಮಾಡಿ ಹೇಳಿಬಿಡ್ತೀನಿ, ಇನ್ನು ನನ್ನ ಕೈಲಿ ಯಾವುದೂ ಆಗಲ್ಲ ಅಂತ.” ತನ್ನ ಕೈ ಪೂರ್ತಿ ಹೋಯಿತೆಂದು ನಂಬಿ ಮಲಗಿದ್ದಾರೆ, ಚೂಟಿ. ನಾನೊಬ್ಬಳೇ ಹೇಳಿದರೆ ಸಮಾಧಾನಕ್ಕೆ ಹೇಳುತ್ತಿದ್ದೀನಿ ಅಂದುಕೊಳ್ಳುತ್ತಾರೆ. ನಿನ್ನ ಅಳತೆಯ ಮಾತನ್ನು ಮಾತ್ರ ನಂಬುತ್ತಾರೆ. ನೀನು ಲೈನಿನಲ್ಲಿರು, ಸುಳ್ಳು ನನ್ನದು ಎಂದು ನಾನೇ ಒಪ್ಪಿಕೊಳ್ಳುತ್ತೇನೆ. ನಾಲ್ಕೂವರೆಗೆ ನಿನಗೆ ಟೀ ಬಿಡುವು ಇರುತ್ತದಲ್ಲ, ಲಾಕರ್ ತೆಗೆದು ಫೋನ್ ಮಾಡು. ರಿಂಗಾದರೆ ಕೂಸು ಏಳುತ್ತದೆ ಎಂದು ಯೋಚಿಸಬೇಡ, ಏಳಲಿ. ಬೆಳಗಾಗುವುದರೊಳಗೆ ಫೋನ್ ಮಾಡೇ, ದಮ್ಮಯ್ಯ.