ಒಲೆಯ ಮೇಲಿನ ಅಟ್ಟದಲ್ಲಿ ಲೆಕ್ಕದ ಬೋರ್ಡು

ಚೇರಂಬಾಣೆ,
೧೮ ಜುಲೈ ೧೯೯೧, ಗುರುವಾರ

ಪ್ರೀತಿಯ ಸೊಸೆ ಯಮುನಾಳಿಗೆ,

ನಿನ್ನ ಮಾವ ಮೊಣ್ಣಪ್ಪನ ಮನಸಾರೆ ಆಶೀರ್ವಾದ. ಹೇಗಿದ್ದೀಯಮ್ಮಾ? ಕಾಲಿನ ಊತ ಇಳಿಯಿತೇ? ರಾತ್ರಿ ನಿದ್ದೆ ಬರುತ್ತದೆಯೇ? ಸುಳ್ಯದ ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದದ್ದನ್ನು ಪಾಲಿಸುತ್ತಿದ್ದೀಯೋ, ಇಲ್ಲವೋ? ತವರುಮನೆಯಲ್ಲಿ ಉಪ್ಪಿನಕಾಯಿ ಭರಣಿಗೆ ಕೈ ಹಾಕಿದರೆ ಕೇಳುವವರಿಲ್ಲ ಎಂದು ನನಗೆ ಗೊತ್ತಿದೆ. ನಿನ್ನ ಅಪ್ಪ ಅಮ್ಮನಿಗೆ ನಮ್ಮ ನಮಸ್ಕಾರ ತಿಳಿಸು. ನಾವು ಇಲ್ಲಿ ಚೆನ್ನಾಗಿದ್ದೇವೆ. ನಾಣಯ್ಯನ ಪತ್ರ ಹೋದ ವಾರ ಬಂತು. ನಿನ್ನ ಗಂಡ ಸೈನ್ಯಕ್ಕೆ ಸೇರಿದ ಮೇಲೂ ಅಕ್ಷರ ಸುಧಾರಿಸಿಕೊಂಡಿಲ್ಲ, ಅರ್ಧ ನಾನೇ ಊಹಿಸಿಕೊಂಡು ಓದಿದೆ. ಮಗು ಹುಟ್ಟುವ ಹೊತ್ತಿಗೆ ರಜೆ ಸಿಕ್ಕರೂ ಸಿಗಬಹುದಂತೆ.

ಚೆನ್ನಾಗಿದ್ದೇವೆ ಎಂದು ಬರೆದೆನಲ್ಲ, ಅದು ಪೂರ್ತಿ ನಿಜ ಅಲ್ಲ. ಈ ಪತ್ರವನ್ನು ಎರಡು ಸಲ ಬರೆದು ಹರಿದು ಹಾಕಿದೆ. ತುಂಬಿದ ಬಸುರಿಗೆ ಇಂಥ ಸುದ್ದಿ ಮುಟ್ಟಿಸಬೇಕೇ ಎಂದು ಒಂದು ಮನಸ್ಸು, ಮುಚ್ಚಿಟ್ಟರೆ ಇನ್ನೂ ಕೆಟ್ಟದಾಗುತ್ತದೆ ಎಂದು ಇನ್ನೊಂದು ಮನಸ್ಸು. ಮೊದಲು ಕುಳಿತುಕೋ, ನೀರು ಕುಡಿ, ಆಮೇಲೆ ಓದು. ಯಾರಿಗೂ ಏನೂ ಆಗಿಲ್ಲ. ಆದದ್ದು ನಿನ್ನ ಕಂಪ್ಯೂಟರಿನ ಲೆಕ್ಕದ ಬೋರ್ಡಿಗೆ.

ನೀನು ನನಗೆ ಬರೆದ ಪತ್ರ ಸೋಮವಾರ ಕೈಸೇರಿತು. ನಿನ್ನ ಅಣ್ಣ ಚೇರಂಬಾಣೆಯಲ್ಲಿರುವಂಥದೇ ಇನ್ನೊಂದು ಹಳೆಯ ಕಂಪ್ಯೂಟರನ್ನು ಯಾರಿಂದಲೋ ಕೇಳಿ ತಂದಿದ್ದಾನೆ, ಬೋರ್ಡನ್ನು ಸುಳ್ಯಕ್ಕೆ ಬರುವ ನೆರೆಮನೆಯ ಉತ್ತಯ್ಯನ ಕೈಯಲ್ಲಿ ಕಳಿಸಿ, ಹೆರಿಗೆಗೆ ಮೊದಲೇ ಲೆಕ್ಕ ಮುಗಿಸುತ್ತೇನೆ, ದೀಪಾವಳಿಯ ಒಳಗೆ ಪ್ರಬಂಧ ಒಪ್ಪಿಸದಿದ್ದರೆ ಯೂನಿವರ್ಸಿಟಿಯವರು ಮತ್ತೆ ಅವಧಿ ಕೊಡುವುದಿಲ್ಲ ಎಂದು ಬರೆದಿದ್ದೆ. ನಾನು ಅದನ್ನು ಜಗಲಿಯಲ್ಲಿ ಕುಳಿತು ಗಟ್ಟಿಯಾಗಿ ಓದಿದೆ. ಪತ್ರ ನನ್ನ ಹೆಸರಿಗೆ ಮಾತ್ರ ಬಂದಿತ್ತು, ಆದರೂ ನಿನ್ನ ಅತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ನಾನು ಕಪಾಟಿನ ಬಾಗಿಲು ತೆಗೆದು ನೋಡಿದರೆ ನೀನು ಇಟ್ಟಲ್ಲಿ ಬೋರ್ಡು ಇಲ್ಲ. ಬಟ್ಟೆಗಳನ್ನೆಲ್ಲ ಕೆಳಗೆಳೆದು ಹುಡುಕಿದೆ. ಆಗ ನಿನ್ನ ಅತ್ತೆ ಬೊಳ್ಳಮ್ಮ ಬಾಗಿಲಲ್ಲಿ ನಿಂತು, "ಅದ್ನ ನಾ ಜೋಪಾನಲಿ ಇಸಿಯೊಳೆ" ಎಂದಳು. ತಾನು ತೆಗೆದಿಟ್ಟದ್ದನ್ನು ತೋರಿಸಲು ಅಡುಗೆಮನೆಗೆ ಹೋಗಿ, ಮಣೆ ಹಾಕಿ ಹತ್ತಿ, ಒಲೆಯ ಮೇಲಿನ ಅಟ್ಟದಿಂದ ಒಂದು ಬುಟ್ಟಿ ಇಳಿಸಿದಳು. ಮುಖದಲ್ಲಿ ಎಂಥ ಹೆಮ್ಮೆ ಎನ್ನುತ್ತೀ! ಬೋರ್ಡನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು. ಹಸಿರಾಗಿದ್ದ ಬೋರ್ಡು ಬಾಣಲೆಯ ತಳದ ಹಾಗೆ ಕಪ್ಪಾಗಿತ್ತು.

ನಡೆದದ್ದು ಇಷ್ಟು. ಮಳೆ ಹಿಡಿದ ಮೇಲೆ ಕಪಾಟಿನ ಬಟ್ಟೆಗೆಲ್ಲ ಬೂಷ್ಟು ಬಂತು. ನೀನು ಬೋರ್ಡಿಗೆ ಸುತ್ತಿದ್ದ ಬಟ್ಟೆಯೂ ಒದ್ದೆ ಒದ್ದೆ. ಹೊರಡುವ ದಿನ ನೀನೇ ಹೇಳಿದ್ದೆಯಲ್ಲ, ಏನೇ ಆದರೂ ಇದಕ್ಕೆ ತೇವ ತಾಗಬಾರದು ಎಂದು? ನಮ್ಮ ಕಡೆ ತೇವ ತಾಗಬಾರದ್ದನ್ನು ಎಲ್ಲಿ ಇಡುತ್ತಾರೆ, ನೀನೇ ಹೇಳು. ಬಿತ್ತನೆಯ ಸೌತೆಬೀಜ ಒಲೆಯ ಹೊಗೆ ತಾಗುವ ಆ ಅಟ್ಟದಲ್ಲಿ, ಏಲಕ್ಕಿ ಅಲ್ಲಿ, ಹಂದಿಮಾಂಸದ ಒಣಗಿದ ತುಂಡು ಅಲ್ಲಿ. ಅವಳು ಆ ಬುಟ್ಟಿಯನ್ನು ನನಗೂ ಮುಟ್ಟಲು ಬಿಡುವುದಿಲ್ಲ. ಅದರಲ್ಲಿ ಬೀಜಗಳ ನಡುವೆ ನಿನ್ನ ಬೋರ್ಡನ್ನು ಮಲಗಿಸಿದ್ದಳು. ಪಕ್ಕದಲ್ಲಿ ತೂಗುತ್ತಿದ್ದ ಮಾಂಸದ ಕೊಬ್ಬು ಕರಗಿ ಅದರ ಮೇಲೆ ತೊಟ್ಟಿಕ್ಕಿದೆ.

ನಾನು ಕೂಗಾಡಿದೆ. ನನ್ನ ಬಾಯಿ ನಿನಗೆ ಗೊತ್ತಲ್ಲ, ತೆರೆದರೆ ಮುಚ್ಚಲು ಹೊತ್ತು ಬೇಕು. ಈ ಬೋರ್ಡು ಏನು ಎಂದು ಅವಳಿಗೆ ತಿಳಿಸಿ ಹೇಳಿದವರಾದರೂ ಯಾರು? ನನಗೆ ಮಾತ್ರ ನೀನು ಹೇಳಿಕೊಟ್ಟಿದ್ದೆ. ಕಂಪ್ಯೂಟರಿಗೆ ತನ್ನದೇ ಒಂದು ಮಿದುಳಿದೆ, ಈ ಬೋರ್ಡು ಅದಕ್ಕೆ ಜೊತೆಯಾಗಿ ಸಿಕ್ಕಿಸುವ ಇನ್ನೊಂದು ಮಿದುಳು, ಗುಣಾಕಾರ ಭಾಗಾಕಾರವೆಲ್ಲ ಇದರ ಪಾಲಿಗೆ. ನಮ್ಮ ಮನೆಯಲ್ಲಿ ಮಾತು ಮಾವನದು, ಲೆಕ್ಕ ಅತ್ತೆಯದು, ಹಾಗೇ ಎಂದು ತಮಾಷೆ ಮಾಡಿದ್ದೆ. ಮಳೆಗೂ ಕಾಫಿ ಎಲೆಯ ತುಕ್ಕುರೋಗಕ್ಕೂ ಇರುವ ನಂಟಿನ ನಿನ್ನ ಲೆಕ್ಕ ಬೋರ್ಡು ಇದ್ದರೆ ಕರೆಂಟು ಹೋಗುವುದರೊಳಗೆ ಮುಗಿಯುತ್ತದೆ. ಇಲ್ಲದಿದ್ದರೆ ನಡುವೆ ಕರೆಂಟು ಹೋಗಿ ಮತ್ತೆ ಮೊದಲಿನಿಂದ. ನಮ್ಮೂರಿನ ಕರೆಂಟಿಗೆ ಆ ಲೆಕ್ಕ ಈ ಜನ್ಮದಲ್ಲಿ ಮುಗಿಯುವುದಿಲ್ಲ.

ಮಂಗಳವಾರ ಬೋರ್ಡನ್ನು ಮಡಿಕೇರಿಗೆ ಒಯ್ದು ರೇಡಿಯೊ ರಿಪೇರಿಯ ಕುಟ್ಟಪ್ಪನಿಗೆ ತೋರಿಸಿದೆ. ಅವನು ಮೂಸಿ ನೋಡಿ, "ಅಂಕಲ್, ಇದ್ರಲ್ಲಿ ಪಂದಿಕರಿ ವಾಸ್ನೆ ಬರ್ತದಲ್ಲ" ಎಂದ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಸ್ಪಿರಿಟ್ಟು ಹಾಕಿ, ಬ್ರಶ್ಶಿನಲ್ಲಿ ಉಜ್ಜಿ ಮಸಿ ತೆಗೆದುಕೊಟ್ಟ. ಆದರೆ ಕಪ್ಪು ಚಿಪ್ಪುಗಳ ಕಾಲುಗಳ ಸಂದಿಯಲ್ಲಿ ಕೊಬ್ಬು ಹೆಪ್ಪುಗಟ್ಟಿದೆ, ಒಂದು ಕಡೆ ಪ್ಲಾಸ್ಟಿಕ್ಕು ಕಾವಿಗೆ ಸೊಟ್ಟಗಾಗಿದೆ. ಜೀವ ಇದೆಯಾ ಎಂದು ಕೇಳಿದೆ. "ರೇಡಿಯೊ ಆದ್ರೆ ಹಾಕಿ ನೋಡಿ ಹೇಳ್ಬೋದಿತ್ತು. ಇದು ನಂಗೆ ಆಗುದಿಲ್ಲ. ಸುಮ್ನೆ ಸಿಕ್ಕಿಸಿ ನೋಡ್ಬೇಡಿ, ಕಂಪ್ಯೂಟರ್ ಸುಟ್ಟೋದ್ರೆ ನನ್ನ ಕೇಳ್ಬೇಡಿ" ಎಂದ. ಹಾಗಾಗಿ ಸಿಕ್ಕಿಸಿಲ್ಲ. ಉತ್ತಯ್ಯ ನಿನ್ನೆ ಬಂದು ಕೇಳಿದಾಗ, ಆಮೇಲೆ ಕಳಿಸುತ್ತೇನೆ ಎಂದು ಸುಳ್ಳು ಹೇಳಿ ಸಾಗಹಾಕಿದೆ. ಆ ಮಾದರಿಯ ಕಂಪ್ಯೂಟರು ತಯಾರಿಸುವುದನ್ನೇ ಕಂಪನಿಯವರು ನಿಲ್ಲಿಸಿದ್ದಾರೆ, ಈ ಬೋರ್ಡೂ ಸಿಂಗಾಪುರದಲ್ಲಿ ಯಾರೋ ಮೂಲೆಗೆ ಎಸೆದದ್ದು ಎಂದು ನಿನ್ನ ಅಣ್ಣ ಹೇಳಿದ್ದ. ಇನ್ನೊಂದು ಎಲ್ಲಿಂದ ತರುವುದು? ಯೋಚನೆ ಮಾಡಿ ಮಾಡಿ ತಲೆ ಕೆಟ್ಟುಹೋಗಿದೆ.

ಆದರೆ ಯಮುನಾ, ನನ್ನ ನಿದ್ದೆ ಕೆಡಿಸಿರುವುದು ಬೋರ್ಡಲ್ಲ. ನೀನು ಹೊರಟ ದಿನ ನಿಮ್ಮಿಬ್ಬರ ನಡುವೆ ಆದ ಮಾತು ನನಗೆ ಮರೆತಿಲ್ಲ. ಹೆರಿಗೆ ಆಗುವವರೆಗೆ ಆ ಕಂಪ್ಯೂಟರ್ ಪೆಟ್ಟಿಗೆ ಮುಟ್ಟಬೇಡ ಎಂದು ಅವಳು ಹಟ ಹಿಡಿದಳು. ನಾನು ಓದುವುದೇ ನಿಮಗೆ ಬೇಡವಾಗಿದೆ ಎಂದು ನೀನು ಹೇಳಿದೆ. ಕಾಲಿಗೆ ನಮಸ್ಕರಿಸಿ, ತಿರುಗಿ ನೋಡದೆ ಜೀಪು ಹತ್ತಿದೆ. ಆಮೇಲೆ ನಿನ್ನ ಒಂದು ಪತ್ರದಲ್ಲೂ ಅತ್ತೆಗೆ ಎಂದು ಒಂದು ಸಾಲು ಇಲ್ಲ. ಈಗ ಈ ಸುದ್ದಿ ಕೇಳಿದರೆ, ಅವಳು ಬೇಕೆಂದೇ ಹಾಳು ಮಾಡಿದಳು ಎಂದು ನಿನಗೆ ಅನ್ನಿಸಬಹುದಲ್ಲ? ಅವಳಿಗೂ ಅದೇ ಹೆದರಿಕೆ. ನನ್ನ ಕೂಗಾಟ ಮುಗಿದ ಮೇಲೆ ಅವಳು ಹೇಳಿದ್ದು ಒಂದೇ ಮಾತು, "ನಾ ಬೇಕೂಂತ ಮಾಡ್ದೆ ತೇಳಿಯೇ ಅವ್ಳು ತಿಳ್ಕಂಬದು." ಅಂದಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಆ ಬುಟ್ಟಿಯನ್ನು ಮತ್ತೆ ಅಟ್ಟಕ್ಕೆ ಏರಿಸಿಯೂ ಇಲ್ಲ.

ಅವಳ ಪರವಾಗಿ ವಕಾಲತ್ತು ಮಾಡುತ್ತಿದ್ದೇನೆ ಎಂದುಕೊಳ್ಳಬೇಡ. ಅವಳ ಚುರುಕು ನಾಲಿಗೆಯ ಪೆಟ್ಟನ್ನು ನಿನಗಿಂತ ಹೆಚ್ಚು ತಿಂದವನು ನಾನು. ಆದರೆ ಬೇಡದ್ದನ್ನು ಅವಳು ಆ ಬುಟ್ಟಿಯಲ್ಲಿ ಇಡುವವಳಲ್ಲ. ನಿನ್ನ ಓದು ಅವಳಿಗೆ ಅರ್ಥವಾಗುವುದಿಲ್ಲ, ನಿಜ. ಬೇಡವಾಗಿಲ್ಲ, ಅದೂ ನಿಜ. ನಿನಗೆ ಸಿಟ್ಟು ಬಂದರೆ ಬರಲಿ. ಬರಬಾರದು ಎನ್ನಲು ನನಗೆ ಬಾಯಿಲ್ಲ. ಅದೇ ಸಿಟ್ಟಿನಲ್ಲಿ ಬಾಣಂತನ ಮುಗಿದ ಮೇಲೂ ಅಲ್ಲೇ ನಿಂತುಬಿಟ್ಟರೆ ಏನು ಗತಿ ಎಂದು ನನಗೆ ಭಯ. ನಾಣಯ್ಯನಿಗೆ ನಾನು ಏನನ್ನೂ ಬರೆದಿಲ್ಲ. ಗಡಿಯಲ್ಲಿ ಇರುವವನ ತಲೆಗೆ ಇದನ್ನು ಯಾಕೆ ಹಾಕುವುದು?

ಚೆನ್ನಾಗಿ ಊಟ ಮಾಡು, ಮಧ್ಯಾಹ್ನ ಮಲಗು, ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೋ. ತಾಯಿ ಕಾವೇರಮ್ಮ ನಿನ್ನನ್ನೂ ಹೊಟ್ಟೆಯಲ್ಲಿರುವ ಕೂಸನ್ನೂ ಕಾಯಲಿ.

ಇಂತು ನಿನ್ನ ಒಳ್ಳೆಯದನ್ನೇ ಬಯಸುವ ಮಾವ,
ಮೊಣ್ಣಪ್ಪ

ಮ. ವಿ.: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ನಿನ್ನ ಅತ್ತೆ ಬಂದು, ಸೋಮವಾರದ ಬಸ್ಸಿಗೆ ತಾನು ಸುಳ್ಯಕ್ಕೆ ಹೋಗುವುದು, ಬೋರ್ಡನ್ನು ತಾನೇ ನಿನ್ನ ಕೈಗೆ ಕೊಡುವುದು ಎಂದಳು. ನಾನೂ ಬರುತ್ತೇನೆ ಎಂದರೆ ಬೇಡವಂತೆ. ಸಂಪಾಜೆ ಘಾಟಿಯ ತಿರುವಿಗೆ ತಲೆ ತಿರುಗಿ ವಾಂತಿಯಾಗುತ್ತದೆ ಎಂದು ತಮ್ಮನ ಮದುವೆಗೂ ಆ ದಾರಿಯಲ್ಲಿ ಹೋಗದವಳು. ನೀವು ಅವಳಿಗೆ ಬರೆಯಬೇಡಿ, ನಾನೇ ಹೇಳಬೇಕು ಎಂದು ಆಣೆ ಹಾಕಿಸಿಕೊಂಡಿದ್ದಾಳೆ. ಅಷ್ಟರಲ್ಲಿ ನಾನು ಬರೆದು ಮುಗಿಸಿದ್ದೆ. ಹರಿಯಲು ಮನಸ್ಸಾಗಲಿಲ್ಲ. ಕಳಿಸುತ್ತಿದ್ದೇನೆ, ಓದಿ ಒಲೆಗೆ ಹಾಕು. ಅವಳಿಗೆ ಇದುವರೆಗೆ ಯಾರಲ್ಲೂ ತಪ್ಪಾಯಿತು ಎಂದು ಹೇಳಿ ಅಭ್ಯಾಸವಿಲ್ಲ, ತಡವರಿಸುತ್ತಾಳೆ, ಸುತ್ತು ಬಳಸಿ ಬರುತ್ತಾಳೆ, ನಡುವೆ ನಿನಗೇ ಒಂದೆರಡು ಬೈದರೂ ಬೈದಾಳು. ಅವಳು ಹೇಳಿ ಮುಗಿಸುವ ತನಕ ನಿನಗೆ ಏನೂ ಗೊತ್ತಿಲ್ಲ, ಆಯಿತಾ ಮಗಳೇ?