ಐದು ಈಡಿನ ಕೋವಿ

ಅಮೃತೂರು,
೯-೧೨-೧೯೭೯

ತುಮಕೂರಿನಲ್ಲಿರುವ ಅಣ್ಣ ಬೆಟ್ಟಸ್ವಾಮಿಗೆ ತಂಗಿ ರಂಗಲಕ್ಷ್ಮಿಯ ನಮಸ್ಕಾರ. ಅತ್ತಿಗೆಗೂ ಹೇಳು.

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರವಿಲ್ಲವೆಂದು ಅತ್ತಿಗೆ ಬೈದುಕೊಂಡಿರಬೇಕು, ಬೈಯಲಿ. ರಾಗಿ ಕುಯ್ಲು, ಮಾವನವರ ಕೆಮ್ಮು, ಹಸು ಕರು ಹಾಕಿದ್ದು, ಎಲ್ಲ ಒಟ್ಟಿಗೇ ಬಂದವು. ಅದೆಲ್ಲ ನೆಪ ಅಣ್ಣ. ಬರೆಯಲು ಕೂತು, ಪೆನ್ನು ಮುಚ್ಚಿಟ್ಟು ಏಳುತ್ತಿದ್ದೆ.

ಇವರ ಹೊಸ ಕೋವಿಯ ಲೈಸೆನ್ಸಿಗಾಗಿ ಕಚೇರಿಗೆ ಓಡಾಡುತ್ತಿದ್ದೇನೆ ಎಂದು ನೀನು ಬರೆದಿದ್ದೆ. ನಿಲ್ಲಿಸಿಬಿಡು. ನೀನು ಮೊದಲಿನಿಂದಲೂ ಊರಿಗೆಲ್ಲ ಉಪಕಾರಿ. ಈ ಒಂದು ಉಪಕಾರ ನಮಗೆ ಬೇಡ.

ಅಡವಿಯಪ್ಪನನ್ನು ನೀನು ಬಲ್ಲೆ, ನಮ್ಮ ಮದುವೆಯಲ್ಲಿ ಇವರ ಪಕ್ಕ ಬಿಡದೆ ನಿಂತಿದ್ದ ಗೆಳೆಯ. ಹೋದ ವರ್ಷ ರಾಗಿ ಹೊಲಕ್ಕೆ ನುಗ್ಗಿದ ಕಾಡುಹಂದಿಗೆ ಇವರು ಈಡು ಹೊಡೆದರು. ಗಾಯವಾದ ಹಂದಿ ತಿರುಗಿ ಜೊತೆಗಿದ್ದ ಅವನ ಮೇಲೆ ಬಿತ್ತು. ನಮ್ಮದು ಒಂಟಿ ನಳಿಗೆಯ ಹಳೆಯ ಕೋವಿ. ಮತ್ತೆ ಮದ್ದು ಗಿಡಿದು ಗುಂಡು ತುಂಬುವಷ್ಟರಲ್ಲಿ ಅವನ ಹೊಟ್ಟೆ ಸೀಳಿಹೋಗಿತ್ತು. ಅಂದಿನಿಂದ ಇವರಿಗೆ ಒಮ್ಮೆ ತುಂಬಿದರೆ ಐದು ಸಲ ಹೊಡೆಯುವ ಐದು ಈಡಿನ ಕೋವಿಯದೇ ಜಪ. ಊಟವೂ ಸರಿಯಾಗಿಲ್ಲ.

ಜಗುಲಿಯ ಮೇಲೆ ದಿನವೂ ಇದೇ ವಾದ. ಲೈಸೆನ್ಸಿನ ವಿಚಾರಣೆಗೆ ಬಂದ ಸಬ್‌ಇನ್ಸ್‌ಪೆಕ್ಟರು, “ಬೆಳೆ ಕಾಯೋಕೆ ಒಂದು ಈಡು ಸಾಕಲ್ರೀ, ಐದು ಯಾಕೆ?” ಎಂದರು. ಮಾವನವರಿಗೆ ಅಷ್ಟೇ ಬೇಕಾಗಿತ್ತು.

“ನಾನೂ ಅದ್ನೇ ಬಡ್ಕೊಳ್ತಿರೋದು ಸ್ವಾಮಿ. ಒಂದು ಹೊಡುದ್ಮೇಲೆ ಇನ್ನೊಂದು ತುಂಬೋ ಹೊತ್ಗೆ ಮನ್ಸನ ಕೋಪ ಇಳೀತದೆ. ಐದು ಇದ್ರೆ ಇಳಿಯೋಕೆ ಪುರುಸೊತ್ತೆಲ್ಲಿ?”

ಇವರು ತಲೆಯೆತ್ತದೆ ಹೇಳಿದರು: “ಆ ಹೊತ್ನಲ್ಲೇ ಅಲ್ವೇನಪ್ಪಾ ಅಡವಿ ಸತ್ತಿದ್ದು?”

ಇಬ್ಬರದೂ ಸರಿಯೆಂದೇ ನನಗನ್ನಿಸಿತು.

ಹೋದ ಸೋಮವಾರ ಕುಣಿಗಲ್‌ನ ಪರಿಚಯದವರೊಬ್ಬರಿಂದ ಅಂಥದೇ ಕೋವಿಯನ್ನು ಕೇಳಿ ತಂದರು, ಹೊಡೆದು ನೋಡಲು. ಬೆಳಗ್ಗೆ ಹೊಲದಲ್ಲಿ ಒಂದು ಈಡು ಹೊಡೆದು ಬಂದು ಜಗುಲಿಯಲ್ಲಿ ಕೂತರು. ಈಡು ಹಾರಿಸಿದ ಮೇಲೆ ನಳಿಗೆಗೆ ಬಾಯಿಟ್ಟು ಊದಿ ಹೊಗೆ ಕಳೆಯುವುದು ಈ ಮನೆಯ ಗಂಡಸರ ಅಭ್ಯಾಸ. ಹಳೆಯ ಕೋವಿಯಾದರೆ ಹೆದರಿಕೆಯಿಲ್ಲ, ಹೊಡೆದ ಮೇಲೆ ಅದರೊಳಗೆ ಏನೂ ಇರುವುದಿಲ್ಲ. ಇವರು ಬಾಯಿಟ್ಟರು. ಕೋವಿ ನೋಡುವ ಆಸೆಗೆ ಮಾವನವರು, “ಕೊಡ್ಲಾ ಜುಂಜ, ನೋಡಾನ” ಎಂದು ಮಗನ ಕೈಯಿಂದ ಕಿತ್ತುಕೊಂಡು, ಖಾಲಿಯೆಂದೇ ತಿಳಿದು ಸೂರಿನ ಕಡೆ ಹಿಡಿದು ಬೆರಳಿನಿಂದ ಕೋವಿಯ ಕುದುರೆ ಎಳೆದರು.

ಹೆಂಚು ಪುಡಿಪುಡಿಯಾಗಿ ನಮ್ಮೆಲ್ಲರ ತಲೆಯ ಮೇಲೆ ಬಿತ್ತು. ಒಂದು ಹಾರಿದ ಮೇಲೆ ಇನ್ನೊಂದು ತಾನಾಗಿಯೇ ಬಂದು ಕೂರುತ್ತದಂತೆ ಅದರಲ್ಲಿ. ಮಾವನವರು ಕುಸಿದು ಕೂತು ಮಗುವಿನಂತೆ ಅತ್ತರು. “ಹಳೇ ಕೋವಿ ಅಭ್ಯಾಸ, ಮರ್ತ್ಬುಟ್ಟ ನನ್ಮಗ” ಎಂದು ಈಗ ಬಂದವರಿಗೆಲ್ಲ ಹೇಳುತ್ತಿದ್ದಾರೆ.

ನನಗೆ ಭಯ ಅಣ್ಣ. ಪಾತ್ರೆ ಬಿದ್ದರೂ ಜಗುಲಿಗೆ ಓಡಿ ನೋಡುತ್ತೇನೆ. ಆ ಕೋವಿಯನ್ನು ಅವತ್ತೇ ವಾಪಸು ಕಳಿಸಿದೆವು. ನಮಗೆ ಹಳೆಯದೇ ಸಾಕು, ಒಂದರ ಮೇಲೆ ಇನ್ನೊಂದಿಲ್ಲದ್ದೇ ಕ್ಷೇಮ ಎಂದು ಕಚೇರಿಯ ಸಾಹೇಬರಿಗೆ ಹೇಳಿ ಅರ್ಜಿಯನ್ನು ಹಿಂದಕ್ಕೆ ತೆಗೆದುಕೋ.

ಮಕ್ಕಳಿಗೆ ನನ್ನ ಆಶೀರ್ವಾದ. ದೇವರಾಯನದುರ್ಗದ ನರಸಿಂಹಸ್ವಾಮಿ ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ ತಂಗಿ
ರಂಗಲಕ್ಷ್ಮಿ

ಮೇಲೆ ಬರೆಯಲಾಗದೆ ಉಳಿದದ್ದು: ನಿನ್ನೆ ಕೊಟ್ಟಿಗೆಯಲ್ಲಿ ಇವರೊಬ್ಬರೇ ಇದ್ದಾಗ ಕೇಳಿದೆ, “ಬಾಯಿಟ್ಟಾಗ ಒಳ್ಗೆ ಇನ್ನೂ ಗುಂಡಿತ್ತು ಅಂತ ನಿಮ್ಗೆ ಗೊತ್ತಿರ್ಲಿಲ್ವಾ?” ಹಸುವಿಗೆ ಹುಲ್ಲು ಹಾಕುತ್ತಲೇ ಹೇಳಿದರು, “ಗೊತ್ತಿತ್ತು ಕಣೇ. ತುಂಬ್ದೋನು ನಾನೇ ಅಲ್ವಾ.” ಐದು ಬೇಡ, ಹಳೆಯದೇ ಸಾಕು ಎಂದು ಬರೆದೆನಲ್ಲ ಅಣ್ಣ, ಅದನ್ನು ಬಿಟ್ಟುಬಿಡು. ಒಂದೂ ಬೇಡ. ಕಾಗದ ಸೇರಿದ ಕೂಡಲೇ ಬಸ್ಸು ಹತ್ತಿ ಬಾ, ಹಳೆಯದನ್ನೂ ಠಾಣೆಗೆ ಒಪ್ಪಿಸು. ನೀನು ಬರುವ ತನಕ ನಾನು ಇವರನ್ನು ಬಿಟ್ಟು ಕದಲುವುದಿಲ್ಲ.