ಮೂವತ್ತೇಳನೆಯ ಪದರ

ಸಂಸ್ಥೆಯ ವಸತಿಗೃಹ, ಮೂರನೆಯ ಮಹಡಿ
ಮಾರ್ಚ್ 8, ಶನಿವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯೆ? ಮಂಡಿನೋವು ಈಗ ಹೇಗಿದೆ? ಹೊಲಿಗೆ ಯಂತ್ರ ತುಳಿಯುವುದನ್ನು ಬಿಟ್ಟು ಮೋಟಾರು ಹಾಕಿಸಿಕೊಳ್ಳಿ ಎಂದು ಡಾಕ್ಟರು ಹೇಳಿ ವರ್ಷವಾಯಿತು. ನೀನು ಹಾಕಿಸಿಕೊಂಡಿರುವುದಿಲ್ಲ, ಅದು ನನಗೆ ಗೊತ್ತು. "ಕಾಲು ಆಡ್ತಾ ಇದ್ರೆ ತಾನೇ ಕೈ ಆಡೋದು" ಎಂದು ಅವರಿಗೇ ಪಾಠ ಹೇಳಿ ಬಂದಿರುತ್ತೀಯೆ. ಭಾವನ ಕೆಮ್ಮು ಇಳಿಯಿತೆ? ಕಳೆದ ವಾರ ಫೋನಿನಲ್ಲಿ ನಾಲ್ಕು ಮಾತಿಗೆ ಮೂರು ಸಲ ಕೆಮ್ಮಿದರು, ಆದರೂ ನನ್ನನ್ನು ಕಲ್ಲುಹುಚ್ಚಿ ಎಂದು ಕರೆಯಲು ಮರೆಯಲಿಲ್ಲ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ಕೆಲಸಕ್ಕೆ ಹೋಗುತ್ತೇನೆ, ಮೂರು ಮಹಡಿ ಹತ್ತುವಾಗ ಎರಡನೆಯದರಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತೇನೆ. ಚೆನ್ನಾಗಿರುವುದು ಎಂದರೆ ಇಷ್ಟೇ ಆದರೆ, ಚೆನ್ನಾಗಿದ್ದೇನೆ.

ಫೋನಿನಲ್ಲಿ ಹೇಳಬಹುದಾದದ್ದನ್ನು ಕಾಗದದಲ್ಲಿ ಬರೆಯುತ್ತಿದ್ದೇನೆಂದರೆ ನಿನಗೆ ಆಗಲೇ ಅನುಮಾನ ಬಂದಿರುತ್ತದೆ. ನಿನ್ನ ದನಿ ಕೇಳಿದ ಕೂಡಲೇ ಹೇಳಬೇಕಾದದ್ದನ್ನು ಬಿಟ್ಟು ಇಬ್ಬರೂ ಬಿಸಿಲಿನ ವಿಷಯ ಮಾತಾಡಿ ಫೋನು ಇಡುತ್ತೇವೆ. ವಿಷಯ ಮಿಡತೆಯ ಚೀಲದ್ದು. ನೋಡು, ಬರೆದೇಬಿಟ್ಟೆ. ನಾಲ್ಕು ವರ್ಷದಿಂದ ನಿನ್ನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿರುವ, ನಿನ್ನ ಮಗಳು, ನಮ್ಮ ಮಿಡತೆ, ಹಾಕಿದ ಗಂಟು ಇನ್ನೂ ಹಾಗೇ ಇರುವ ಆ ಬಟ್ಟೆ ಚೀಲವನ್ನು ನನಗೆ ಕಳಿಸಿಕೊಡು ಎಂದು ಕೇಳುವುದಕ್ಕೆ ಈ ಕಾಗದ.

ಯಾಕೆಂದು ಹೇಳುತ್ತೇನೆ, ತಾಳ್ಮೆಯಿಂದ ಓದು. ನನ್ನ ಕೆಲಸ ಏನೆಂದು ಈ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ನಿನಗೆ ಸರಿಯಾಗಿ ಹೇಳಿಲ್ಲ. ಕೇಳಿದಾಗಲೆಲ್ಲ "ಅದೆಲ್ಲ ನಿನಗೆ ಬೇಡ ಬಿಡು" ಎಂದು ನಾನೇ ಅಕ್ಕನ ಹಾಗೆ ಆಡಿದ್ದೇನೆ. ಭೂಮಿ ಕಳೆದ ಕಾಲವನ್ನು ನಾವು ಘಟ್ಟಗಳಾಗಿ ವಿಂಗಡಿಸಿ ಒಂದೊಂದಕ್ಕೂ ಹೆಸರಿಟ್ಟಿದ್ದೇವೆ. ಒಂದು ಘಟ್ಟ ಮುಗಿದು ಇನ್ನೊಂದು ಶುರುವಾಗುವುದು ಎಲ್ಲಿ ಎನ್ನುವುದಕ್ಕೆ ಗೆರೆ ಬೇಕಲ್ಲ, ಅದನ್ನು ಪುಸ್ತಕದಲ್ಲಿ ಎಳೆದರೆ ಸಾಲದು. ಇಡೀ ಜಗತ್ತಿನಲ್ಲಿ ಒಂದೇ ಒಂದು ಬಂಡೆಯನ್ನು ಆರಿಸಿ, ಅದರ ಇಂಥ ಪದರದ ಬುಡದಲ್ಲೇ ಎಂದು ಲೋಹದ ಮೊಳೆ ಹೊಡೆಯುತ್ತಾರೆ. ಆಮೇಲೆ ಎಲ್ಲ ದೇಶದವರೂ ತಮ್ಮ ತಮ್ಮ ಕಲ್ಲನ್ನು ಆ ಮೊಳೆಗೆ ಹೋಲಿಸಿ ನೋಡಿಕೊಳ್ಳಬೇಕು. ಪದರಗಳನ್ನು ನಾವು ಗುರುತಿಸುವುದು ಅವುಗಳಲ್ಲಿ ಹೂತುಹೋದ ಜೀವಿಗಳಿಂದ. ನಮ್ಮ ಬಂಡೆಯಲ್ಲಿ ಸಿಗುವುದು ಉಪ್ಪಿನ ಹರಳಿನಷ್ಟು ಸಣ್ಣ ಹಲ್ಲುಗಳು. ಹಳೆಯ ಜಾತಿಯ ಹಲ್ಲಿನ ಮೇಲೆ ಮೂರು ಏಣು, ಅಂದರೆ ಉಬ್ಬಿದ ಗೆರೆ, ಹೊಸದಕ್ಕೆ ನಾಲ್ಕು. ನಾಲ್ಕು ಏಣಿನದು ಮೊದಲ ಸಲ ಕಾಣಿಸಿಕೊಂಡ ಪದರದಿಂದಲೇ ಹೊಸ ಘಟ್ಟ ಶುರು. ಮೂರು ಏಣಿನದು ಕೊನೆಯ ಸಲ ಎಲ್ಲಿ ಕಂಡಿತು ಎನ್ನುವುದನ್ನು ಗಡಿಗೆ ನೆಚ್ಚಿಕೊಳ್ಳುವುದಿಲ್ಲ. ಕೊನೆಯದು ಎಂದು ನಾವು ಅಂದುಕೊಂಡದ್ದಕ್ಕಿಂತ ಮೇಲೆ ಇನ್ನೊಂದು ಇದ್ದೇ ಇರಬಹುದು, ಹುಡುಕುವವರಿಗೆ ಸಿಕ್ಕಿಲ್ಲ ಅಷ್ಟೇ. ಕಲ್ಲಿನ ವಿಷಯದಲ್ಲಿ ಆ ಒಂದು ಸಮಾಧಾನವಾದರೂ ಇದೆ.

ಹೊಳೆಯ ತಿರುವಿನಲ್ಲಿರುವ ನಮ್ಮ ಬಂಡೆಗೆ ಕೆಳಗಿನಿಂದ ಮೇಲಕ್ಕೆ ಅರವತ್ತೊಂದು ಪದರ ಎಣಿಸಿ ನಂಬರು ಬರೆದಿದ್ದೇವೆ. ಮೂವತ್ತಾರರಲ್ಲಿ ಹಳೆಯ ಹಲ್ಲು ಮಾತ್ರ. ಮೂವತ್ತೆಂಟರಲ್ಲಿ ಹೊಸದು ಬೇಕಾದಷ್ಟು. ನಡುವಿನ ಮೂವತ್ತೇಳನೆಯದು ನಾಲ್ಕು ಬೆರಳಿನಷ್ಟು ದಪ್ಪದ್ದು, ಅದೂ ಎಲ್ಲ ಕಡೆ ಇಲ್ಲ. ಮೇಲಿನ ಒಂದು ಚಾಚುಗಲ್ಲಿನಲ್ಲಿ ಮಾತ್ರ ಇತ್ತು. ಅದರಲ್ಲಿ ಹೊಸ ಹಲ್ಲು ಇಲ್ಲವೆಂದು ತೋರಿಸಿದರೆ ಮೊಳೆ ಮೂವತ್ತೆಂಟರ ಬುಡಕ್ಕೆ, ನಮ್ಮ ಬಂಡೆಗೇ ಬೀಳುತ್ತದೆ. ತೋರಿಸದಿದ್ದರೆ ನಡುವೆ ಒಂದು ಪದರ ಪರೀಕ್ಷೆಯಾಗದೆ ಉಳಿಯಿತೆಂದು ಬೇರೆ ದೇಶದ ಬೆಟ್ಟಕ್ಕೆ ಹೋಗುತ್ತದೆ. ಆ ಚಾಚುಗಲ್ಲು ಈಗಿಲ್ಲ. ಅದು ಮಿಡತೆಯ ಜೊತೆಗೇ ಕೆಳಗೆ ಬಿತ್ತು. ಉದುರಿದ ಕಲ್ಲೆಲ್ಲ ನೀರಿಗೆ ಬಿದ್ದು ಒಂದರೊಳಗೊಂದು ಬೆರೆತುಹೋಯಿತು. ಯಾವ ಪದರದ್ದು ಎಂದು ಹೇಳಲಾಗದ ಕಲ್ಲನ್ನು ಯಾರೂ ನಂಬುವುದಿಲ್ಲ. ಈಗ ನಂಬಬಹುದಾದ ಮೂವತ್ತೇಳನೆಯ ಪದರ ಎಂದರೆ ನಿನ್ನ ಡ್ರಾಯರಿನಲ್ಲಿರುವ ಎರಡು ಹಿಡಿ ಕಲ್ಲು; ಚೀಲದ ಹೊರಗೆ ಅವಳೇ 37 ಎಂದು ಬರೆದಿದ್ದಾಳೆ. ಅಪಘಾತದ ವರದಿಯಲ್ಲಿ ಅವಳ ಬೂಟು, ಕೈಗಡಿಯಾರದ ಜೊತೆಗೆ "ಕಲ್ಲು ತುಂಬಿದ ಬಟ್ಟೆ ಚೀಲ, ಒಂದು" ಎಂದು ಬರೆದದ್ದನ್ನು ಗಡಿ ಗೊತ್ತುಮಾಡುವ ಸಮಿತಿಯವರೊಬ್ಬರು ಈಗ ಓದಿದ್ದಾರೆ. ನಾನಾಗಿ ಹೇಳಿದ್ದಲ್ಲ. ಸಮಿತಿಯ ಕಾರ್ಯದರ್ಶಿ ಒಳ್ಳೆಯ ಮುದುಕರು, ಬಹಳ ಸಂಕೋಚದಿಂದ ಕೇಳಿ ಬರೆದಿದ್ದಾರೆ. ಮೇ ತಿಂಗಳಲ್ಲಿ ಮತ ಹಾಕುತ್ತಾರೆ, ಜೂನ್‌ನಲ್ಲಿ ನಾನು ನಿವೃತ್ತಳಾಗುತ್ತೇನೆ, ಆಮೇಲೆ ನಮ್ಮ ಕೊಠಡಿ ಬೇರೆ ವಿಭಾಗಕ್ಕೆ ಹೋಗುತ್ತದೆ.

ಇನ್ನೊಂದು ಮಾತು. ಆ ಕಲ್ಲು ನಿನಗೆ ವಾಪಸು ಬರುವುದಿಲ್ಲ. ಹಲ್ಲು ಹೊರಗೆ ಬರಬೇಕಾದರೆ ಕಲ್ಲನ್ನು ತೆಳು ಆಮ್ಲದಲ್ಲಿ ಹಾಕಿ ವಾರಗಟ್ಟಲೆ ಕರಗಿಸಬೇಕು. ತಳದಲ್ಲಿ ಉಳಿದ ಗಸಿಯನ್ನು ಜರಡಿ ಹಿಡಿದು ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಒದ್ದೆ ಕುಂಚದ ತುದಿಯಿಂದ ಒಂದೊಂದಾಗಿ ಎತ್ತಬೇಕು. ಆ ಕೆಲಸದಲ್ಲಿ ಮಿಡತೆಯನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಮನೆಯಲ್ಲಿ ಒಂದು ಕಡೆ ಕೂತವಳಲ್ಲ, ಅದಕ್ಕೇ ನಾನು ಆ ಹೆಸರಿಟ್ಟದ್ದು. ಇಲ್ಲಿ ನನ್ನ ಸಹಾಯಕಿಯಾಗಿ ಸ್ಟೂಲಿನ ಮೇಲೆ ಕೂತರೆ ನಾಲ್ಕು ಗಂಟೆ ಅಲುಗಾಡುತ್ತಿರಲಿಲ್ಲ. ಒಮ್ಮೆ ಮಾತ್ರ ಸೀನಿದಳು. ಒಂದು ತಿಂಗಳ ಹಲ್ಲೆಲ್ಲ ಹಾರಿಹೋಯಿತು. ಇಬ್ಬರೂ ಟಾರ್ಚ್ ಹಿಡಿದು ಮೇಜಿನ ಕೆಳಗೆ ಹುಡುಕುತ್ತಿದ್ದಾಗ ನಿರ್ದೇಶಕರು ಒಳಗೆ ಬಂದು ಏನು ಕಳೆದುಹೋಯಿತು ಎಂದು ಕೇಳಿದರು. "ಹಲ್ಲು ಸಾರ್" ಎಂದಳು ಇವಳು, ತಲೆ ಎತ್ತದೆ. ಅವರು ನನ್ನ ಬಾಯಿಯನ್ನೇ ನೋಡಿಕೊಂಡು ಹೊರಟುಹೋದರು. ಆ ಸ್ಟೂಲು ಈಗಲೂ ಅಲ್ಲೇ ಇದೆ. ಯಾರಾದರೂ ಅದರ ಮೇಲೆ ಕೂತರೆ ಏನಾದರೂ ನೆಪ ಹೇಳಿ ಎಬ್ಬಿಸುತ್ತೇನೆ, ಆಮೇಲೆ ನಾನೂ ಕೂರುವುದಿಲ್ಲ.

ಹೋದ ವಾರ ಬಂಡೆಯ ಹತ್ತಿರ ಹೋಗಿದ್ದೆ. ಸುತ್ತಲೂ ತಂತಿಬೇಲಿ ಹಾಕಿದ್ದಾರೆ, ಹತ್ತಬಾರದೆಂದು ಬೋರ್ಡು ಬರೆಸಿದ್ದಾರೆ. ಚಾಚುಗಲ್ಲು ಮುರಿದ ಜಾಗ ಮೊದಲು ಬೆಳ್ಳಗೆ ಹಸಿಯಾಗಿ ಕಾಣುತ್ತಿತ್ತು, ಈಗ ಉಳಿದ ಬಂಡೆಯ ಬಣ್ಣಕ್ಕೇ ತಿರುಗಿದೆ. ಹೊಸಬರು ಯಾರಾದರೂ ನೋಡಿದರೆ ಅಲ್ಲೊಂದು ಕಲ್ಲಿತ್ತು ಎಂದು ಹೇಳಲಾರರು.

ಮಿಡತೆಯ ಮೇಲೆ ನಿನಗಿರುವ ಸಿಟ್ಟು ಇಳಿದಿಲ್ಲವೆಂದು ಭಾವ ಹೇಳಿದರು. ಗೋಡೆಯ ಮೇಲಿದ್ದ ಫೋಟೋ ಇನ್ನೂ ಬೀರುವಿನೊಳಗೇ ಇದೆಯಂತೆ, ಅವಳ ಹೆಸರು ಬಂದರೆ ನೀನು ಎದ್ದು ಹೋಗುತ್ತೀಯಂತೆ. ನಾನು ಕೆಳಗೆ ಕೂತು ಬರೆದುಕೊಳ್ಳುತ್ತಿದ್ದೆ, ಅವಳು ಯಾವಾಗ ಹತ್ತಿದಳೋ ನೋಡಲಿಲ್ಲ ಎಂದು ಅವತ್ತು ಆಸ್ಪತ್ರೆಯ ಬೆಂಚಿನ ಮೇಲೆ ನಿನಗೆ ಹೇಳಿದೆ. ನೀನು ಅಳಲಿಲ್ಲ. "ಹೇಳದೆ ಕೇಳದೆ ಹತ್ತಿದ್ದಾಳೆ. ಮನೇಲಿ ಅಮ್ಮ ಅಂತ ಒಬ್ಬಳು ಇದ್ದಾಳೆ ಅನ್ನೋದು ಅವಳ ತಲೆಗೇ ಬರಲಿಲ್ಲ" ಎಂದೆ. ಆಮೇಲೆ ನನ್ನ ತಲೆಯನ್ನು ಹೆಗಲಿಗೆ ಒರಗಿಸಿಕೊಂಡು, "ನೀನೇನು ಮಾಡ್ತೀಯ, ಅವಳ ಹಟ ನನಗೆ ಗೊತ್ತಿಲ್ವಾ" ಎಂದು ನನ್ನನ್ನೇ ಸಂತೈಸಿದೆ. ಮಗಳನ್ನು ಕಳೆದುಕೊಂಡವಳು ನೀನು, ಸಮಾಧಾನ ನನಗೆ.

ಚೀಲ ಕಳಿಸುವುದಾದರೆ ಗಂಟು ಬಿಚ್ಚಬೇಡ. ಅದು ಸಮಿತಿಯ ಷರತ್ತು. ಬಿಚ್ಚಿದ ಚೀಲವಾದರೆ ಯಾರು ಯಾವ ಕಲ್ಲು ಬೆರೆಸಿದರೋ ಎಂದು ತಳ್ಳಿಹಾಕುತ್ತಾರೆ. ಇಲ್ಲಿ ಇಬ್ಬರ ಎದುರು ನಾನೇ ಬಿಚ್ಚಬೇಕು. ಅದನ್ನು ಹೊಲಿದವಳೂ ನೀನೇ ಅಲ್ಲವೆ; ಮೂಲೆಗಳಿಗೆ ಎರಡೆರಡು ಸಾಲು ಹೊಲಿಗೆ ಹಾಕಿ ನೂರು ಚೀಲ ಕಳಿಸಿದ್ದೆ, ಒಂದೂ ಹರಿದಿಲ್ಲ. ಹಳೆಯ ಬಟ್ಟೆಯಲ್ಲಿ ಸುತ್ತಿ ಗಟ್ಟಿ ಡಬ್ಬದಲ್ಲಿಟ್ಟು ಕಳಿಸು. ಮನಸ್ಸು ಒಪ್ಪದಿದ್ದರೆ ಬೇಡ, ನಾನು ಒಂದು ಮಾತೂ ಆಡುವುದಿಲ್ಲ. ಆದರೆ ಮದುವೆ, ಮನೆ, ಮಕ್ಕಳು ಯಾವುದೂ ಬೇಡವೆಂದು ನಾನು ಇಷ್ಟು ವರ್ಷ ಪಟ್ಟು ಹಿಡಿದು ಕೂತದ್ದು ಆ ಒಂದು ಗೆರೆಗಾಗಿ. ಅದರ ಬೆನ್ನು ಹತ್ತಿಯೇ ನಮ್ಮ ಹುಡುಗಿ ಹೋದಳು. ಕೊನೆಗೆ ಗೆರೆಯೂ ಇಲ್ಲವೆಂದಾದರೆ ಅವಳು ಏತಕ್ಕೆ ಹೋದಳು?

ಭಾವನಿಗೆ ನನ್ನ ನಮಸ್ಕಾರ ತಿಳಿಸು, ಬಿಸಿನೀರನ್ನೇ ಕುಡಿಯಲಿ, ಕಿಟಕಿಯ ಹತ್ತಿರ ಮಲಗುವುದು ಬೇಡ. ನಿನಗೆ ಹರಸುವಷ್ಟು ದೊಡ್ಡವಳು ನಾನಲ್ಲ. ಆದರೂ ನಿನಗೆ ಒಳ್ಳೆಯದಾಗಲಿ, ನಿದ್ದೆ ಬರಲಿ.

ನಿನ್ನ ಬೆನ್ನಿಗೇ ಹುಟ್ಟಿದ,
ಕಲ್ಲುಹುಚ್ಚಿ

ವಿ.ಸೂ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಹರಿದಿದ್ದೇನೆ. ಅಂಚೆಯವನು ಬರುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಚೀಲ ಕಳಿಸಬೇಡ. ಗಂಟು ಬಿಚ್ಚು, ನೀನೇ ಬಿಚ್ಚು. ಆಮೇಲೆ ಅದು ಸಮಿತಿಗೆ ಉಪಯೋಗಕ್ಕೆ ಬರುವುದಿಲ್ಲ, ಬರದಿದ್ದರೆ ಬೇಡ. ಒಳಗೆ ಕಲ್ಲಿನ ಜೊತೆ ಮಡಿಸಿದ ಒಂದು ಚೀಟಿ ಇದೆ. ನಮ್ಮಲ್ಲಿ ಹತ್ತುವವರು ಚೀಟಿ ಬರೆಯುವುದಿಲ್ಲ. ಯಾವ ಪದರದ್ದು ಬೇಕೆಂದು ಕಳಿಸುವವರೇ ಮೊದಲು ಬರೆದು ಖಾಲಿ ಚೀಲದೊಳಗೆ ಹಾಕಿ ಕೈಗೆ ಕೊಡುತ್ತಾರೆ. ಅದರಲ್ಲಿ 37 ಎಂದಿದೆ, ಅವತ್ತಿನ ತಾರೀಕು ಇದೆ. ಅಕ್ಷರ ನನ್ನದು, ನೋಡಿದ ಕೂಡಲೇ ನಿನಗೆ ಗೊತ್ತಾಗುತ್ತದೆ. ನಾಲ್ಕು ವರ್ಷ ಚೀಲ ಕೇಳದೆ ಇದ್ದದ್ದು ಅದಕ್ಕೇ. ಈಗ ಕೇಳಿದ್ದು, ಇಲ್ಲಿ ಬಿಚ್ಚುವಾಗ ಚೀಟಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡುಬಿಡಬಹುದು ಎಂದು. ನಾನು ಬರೆದುಕೊಳ್ಳುತ್ತ ಕೂತಿರಲಿಲ್ಲ, ಕೆಳಗೆ ನಿಂತು ಅವಳು ಹತ್ತುವುದನ್ನೇ ನೋಡುತ್ತಿದ್ದೆ. ಅವಳು ಹಟ ಮಾಡಲಿಲ್ಲ ಅಕ್ಕಾ. "ಚಿಕ್ಕಮ್ಮಾ, ಕಲ್ಲು ಒದ್ದೆ ಇದೆ, ಅಮ್ಮನಿಗೆ ಗೊತ್ತಾದ್ರೆ ಬೈತಾಳೆ, ನಾಳೆ ಹತ್ತಲಾ?" ಎಂದು ಕೇಳಿದಳು. ಇವತ್ತೇ ಬೇಕು ಎಂದೆ ನಾನು.